ಅಜ್ಜ ಹುಟ್ಟಿದ ಊರು

ಎಂಬತ್ತರ ದಶಕದ ಕೊನೆಗೆ ನನಗೆ ವಂಶಾವಳಿ ಬರೆಯುವ ಹುಚ್ಚು ಹಿಡಿದಿತ್ತು. ಏಳು ತಲೆಮಾರಿನ ಹೆಸರು ಬರೆದುಕೊಂಡು, ಅಜ್ಜನ ಜನನ ದಾಖಲೆ ಬೇಕೆಂದು ಬ್ಯಾಡಗಿಯ ತಾಲೂಕು ಕಚೇರಿಗೆ ಹೋದೆ. ಅಜ್ಜ ಬಾಳಿದ್ದು, ಸತ್ತಿದ್ದು ಎಲ್ಲಾ ಕಾಗಿನೆಲೆಯಲ್ಲಿ. ಆದರೆ ಆ ಊರಿನ ಹಳೆಯ ದಫ್ತರದಲ್ಲಿ ಅವನ ತಮ್ಮಂದಿರೆಲ್ಲ ಸಿಕ್ಕರು, ಅವನು ಮಾತ್ರ ಸಿಗಲಿಲ್ಲ.

ಗುಮಾಸ್ತರು ಮೆಣಸಿನಕಾಯಿ ಘಾಟಿಗೆ ಒಮ್ಮೆ ಸೀನಿ, ಮೂಗು ಒರೆಸಿಕೊಂಡರು. "ನಿಮ್ಮಜ್ಜಾರು ಚೊಚ್ಚಲ ಮಗ ಏನ್ರಿ?"

"ಹೌದ್ರಿ."

"ಹಂಗಾರ ಇಲ್ಲಿ ಹೆಂಗ ಸಿಗ್ತಾರ್ರೀ? ಚೊಚ್ಚಲ ಹೆರಿಗಿ ತವರುಮನ್ಯಾಗ ಆಗಿರ್ತೈತಿ. ಅವರ ತಾಯಿ ತವರೂರು ಹೇಳ್ರಿ, ಅಲ್ಲಿ ಹುಡುಕ್ಸೋಣ."

"ಕರ್ಜಗಿ ಕಡೆ ಅಂತಿದ್ರು. ಖರೇ ಗೊತ್ತಿಲ್ರಿ."

"ಹೋಗ್ಲಿ, ಆ ತಾಯಿ ಹೆಸರರೆ ಹೇಳ್ರಿ."

ನಾನು ವಂಶಾವಳಿಯ ಹಾಳೆ ತಿರುವಿ ಹುಡುಕತೊಡಗಿದೆ.

"ಮನ್ಯಾಗ ಕೇಳ್ಕೊಂಡು ಬರ್ರಿ," ಎಂದು ಅರ್ಜಿ ತಿರುಗಿ ಕೊಟ್ಟರು. ಹೇಳಬಲ್ಲವಳು ಸೋದರತ್ತೆ ಒಬ್ಬಳೇ. ಅವಳು ಹಿಂದಿನ ವರ್ಷ ತೀರಿಕೊಂಡಿದ್ದಳು, ಅವಳ ಜೊತೆಗೇ ಮುತ್ತಜ್ಜಿಯ ಹೆಸರೂ ಹೋಗಿತ್ತು.

ಹಾವೇರಿಗೆ ಬಂದು ಅವ್ವನ ಮುಂದೆ ಹೇಳಿಕೊಂಡೆ. ಅವಳು ರೊಟ್ಟಿ ಬಡಿಯುತ್ತಲೇ, "ಆಕಿನ್ನ ಎಲ್ಲಾರೂ ಆಯಿ ಅಂತಿದ್ರು. ಹೆಸರ ಯಾರ ಕೇಳಾವ್ರು?" ಅಂದಳು. ರೊಟ್ಟಿ ಹಂಚಿಗೆ ಹಾಕಿ ಮತ್ತೆ ಕೇಳಿದಳು: "ನೀನೂ ನನ್ನ ತವರುಮನ್ಯಾಗ, ಕುಪ್ಪೇಲೂರಾಗ ಹುಟ್ಟೀದಿ. ನನ್ನ ಹೆಸರರೆ ಬರದೀಯೋ ಇಲ್ಲೋ?"

ಬರೆದಿರಲಿಲ್ಲ. ನನ್ನ ಹಾಳೆಯಲ್ಲಿ ಏಳು ತಲೆಮಾರೂ ಗಂಡಸರೇ ಗಂಡಸರನ್ನು ಹೆತ್ತಿದ್ದರು.