ಸೈಕಲ್ ನೋಡಿಕೊಳ್ಳುವವರು

ನಮ್ಮ ಆಫೀಸಿನ ಹೆಡ್‌ಕ್ಲರ್ಕು ಪ್ಯಾಂಟಿನ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಸೈಕಲ್ ಹತ್ತಿದರೆಂದರೆ, ಅರಸೀಕೆರೆಯಿಂದ ಹಳೇಬೀಡಿನವರೆಗೂ ನಾವು ಅವರ ಬೆನ್ನನ್ನಷ್ಟೇ ನೋಡಬೇಕಿತ್ತು. ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಆದರೆ ಭಾನುವಾರ ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಹೋದರೆ ಮಾತ್ರ ಬೆಟ್ಟದ ಬುಡದಲ್ಲೇ ಕರವಸ್ತ್ರ ಹಾಸಿ ಕೂತುಬಿಡುತ್ತಿದ್ದರು. “ನೀವ್ ಹೋಗ್ಬನ್ನಿ. ಸೈಕಲ್ ನೋಡ್ಕಳಕೆ ಒಬ್ರು ಬೇಕಲ್ರೀ.”

ಅವರಿಗೂ ದೇವರ ದರ್ಶನವಾಗಲಿ ಎಂದು ಒಂದು ಸಲ ನಾನೇ ಉದ್ದನೆಯ ಚೈನು ತಂದು ಎಲ್ಲ ಸೈಕಲ್ಲುಗಳಿಗೂ ಸೇರಿಸಿ ಬೀಗ ಹಾಕಿದೆ. ಅವರು ಬೀಗವನ್ನು ಎಳೆದೆಳೆದು ನೋಡಿ, ಬೇರೆ ದಾರಿ ಕಾಣದೆ ನಮ್ಮ ಜೊತೆ ಹತ್ತಿದರು. ಇಳಿಯುವಾಗ ಕೆಳಗೆ ನೋಡಿದವರೇ ಬಂಡೆ ಹಿಡಿದು ನಿಂತರು. ಮುಖವೆಲ್ಲ ಬೆವರು.

“ಎತ್ರ ನಂಗಾಗಲ್ಲ ಕಣ್ರೀ,” ಎಂದು ಮೆಟ್ಟಿಲ ಮೇಲೆ ಕೂತು, ಕೂತಂತೆಯೇ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ಹತ್ತಿ ಬರುತ್ತಿದ್ದ ಜನ ನಿಂತು ನೋಡಿದರು. ನಮ್ಮ ಟೈಪಿಸ್ಟ್ ಹುಡುಗಿ ಅವರ ಪಕ್ಕ ಕೂತು ಹಾಗೇ ಇಳಿದಳು. ಆಮೇಲೆ ನಾವೆಲ್ಲರೂ ಕೂತೆವು.

“ಇದ್ಯಾವ ಹರಕೆನ್ರಪ್ಪ?” ಎಂದಳು ಒಬ್ಬ ಅಜ್ಜಿ.

“ನಮ್ಮಾಫೀಸಿಂದು ಕಣಜ್ಜಿ,” ಎಂದಳು ಟೈಪಿಸ್ಟ್.

ಮುಂದಿನ ಭಾನುವಾರ ಚೈನನ್ನು ಮನೆಯಲ್ಲೇ ಬಿಟ್ಟು ಬಂದೆ. ಬೆಟ್ಟದ ಬುಡದಲ್ಲಿ ಅವರು ಈ ಸಲ ಕೂರದೆ ನಿಂತೇ ಇದ್ದರು.

“ಸೈಕಲ್ ನೋಡ್ಕಳಕೆ ಒಬ್ರು ಬೇಕಲ್ಲ ಸಾರ್,” ಎಂದೆ.

ಅವರು ಜೇಬಿನಿಂದ ಕರವಸ್ತ್ರ ತೆಗೆದರು.