ಮಿಲ್ಲು ಬಿಟ್ಟ ಗುರುಶಾಂತಮ್ಮ

ಮಾನ್ವಿಯ ಗುರುಶಾಂತಮ್ಮನಿಗೆ ವಿಶ್ರಾಂತಿ ಬೇಕೆಂದು ಕಂಡುಹಿಡಿದವನು ಅವಳ ಮಗ ಮೌನೇಶ. ಗಂಡ ಶರಣಯ್ಯ ತೀರಿಕೊಂಡ ಮೇಲೆ ಅಕ್ಕಿ ಮಿಲ್ಲು ನಡೆಸುತ್ತಿದ್ದವಳು ಅವಳೇ. ಭತ್ತದ ಲಾರಿ ಬಂದರೆ ಒಂದು ಹಿಡಿ ಅಂಗೈಯಲ್ಲಿ ಉಜ್ಜಿ ನೋಡಿ, ಹಸಿ ಇದ್ದರೆ ಲಾರಿಯನ್ನು ಹಾಗೇ ಹಿಂದಕ್ಕೆ ಕಳಿಸುತ್ತಿದ್ದಳು. ಮೌನೇಶ ಬರುತ್ತಿದ್ದುದು ಹೊತ್ತೇರಿದ ಮೇಲೆ. ಇಸ್ತ್ರಿ ಅಂಗಿಗೆ ತೌಡಿನ ಧೂಳು ತಾಗೀತೆಂದು ಕಾರಿನಲ್ಲೇ ಕೂತು ಫೋನಿನಲ್ಲಿ ಮಾತಾಡಿ ಹೊರಟುಬಿಡುತ್ತಿದ್ದ. ಮಿಲ್ಲು ನನಗೆ ಬಿಟ್ಟು ಬದಿಗೆ ಸರಿ ಎಂದು ತಾಯಿಗೆ ನೇರವಾಗಿ ಹೇಳುವ ಧೈರ್ಯವಿಲ್ಲದೆ ರಾಯಚೂರಿನಿಂದ ಅನಿಲಕುಮಾರನನ್ನು ಕರೆತಂದ.

ಅನಿಲಕುಮಾರ ಮೊದಲು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಸೂಪರ್‌ವೈಸರ್ ಆಗಿದ್ದವನು. ಹೈದರಾಬಾದಿನಲ್ಲಿ ಶನಿವಾರ ಭಾನುವಾರದ ತರಬೇತಿ ಮುಗಿಸಿ ಬಂದು, ಬದುಕಿನ ತಿರುವಿನಲ್ಲಿ ನಿಂತವರಿಗೆ ಕೋಚ್ ಆಗಿಬಿಟ್ಟ. ನಿವೃತ್ತರಿರಲಿ, ಕೆಲಸ ಹೋದವರಿರಲಿ, ಗಂಡ ಸತ್ತವರಿರಲಿ, ಎಲ್ಲರಿಗೂ ಅವನ ಬಳಿ ಇದ್ದ ಔಷಧಿ ಒಂದೇ: ಸಣ್ಣ ಪ್ರಯೋಗ.

"ದೊಡ್ಡ ನಿರ್ಧಾರ ಏನೂ ಬ್ಯಾಡ್ರಿ ಅಮ್ಮಾರ. ಎಂಟು ದಿನ ಮಿಲ್ಲಿಗೆ ಹೋಗಬ್ಯಾಡ್ರಿ. ಮನಸ್ಸಿಗೆ ಏನನ್ನಿಸ್ತದ ನೋಡ್ರಿ," ಎಂದ.

"ಇದು ನಿಮ್ಮ ಮಾತೋ, ನಮ್ಮ ಮೌನೇಶಂದೋ?"

ಅನಿಲಕುಮಾರ ನಕ್ಕ. ಮೌನೇಶ ಫೋನು ನೋಡಿದ.

ಆದರೂ ಅವಳು ಒಪ್ಪಿದಳು. ಒಂದೆರಡು ದಿನ ಮನೆಯಲ್ಲಿ ಕೂತು, ಸೊಸೆ ಸ್ವಪ್ನಾ ಹಚ್ಚಿಕೊಟ್ಟ ಟಿವಿ ನೋಡಿ ರೋಸಿ, ತವರೂರು ದೇವದುರ್ಗದ ಬಸ್ಸು ಹತ್ತಿದಳು. ಶಾಲೆಯಲ್ಲಿ ಒಂದೇ ಬೆಂಚಿಗೆ ಕೂತಿದ್ದ ಭೀಮವ್ವ ನರ್ಸ್ ಕೆಲಸದಿಂದ ನಿವೃತ್ತಳಾಗಿ ಅಲ್ಲಿ ಮನೆ ಕಟ್ಟಿಕೊಂಡಿದ್ದಳು. ಮಾನ್ವಿಗೆ ಬಂದಾಗಲೆಲ್ಲ ಭೀಮವ್ವನಿಗೆ ಚಹಾ ಸಿಗುತ್ತಿದ್ದುದು ಅಂಗಳದಲ್ಲಿ. ಗುರುಶಾಂತಮ್ಮ ಅವಳ ಮನೆಯ ನೀರನ್ನೂ ಮುಟ್ಟಿದವಳಲ್ಲ. ಕುಲದ ದೊಡ್ಡಸ್ತಿಕೆ ಅಂಥದ್ದು.

"ಏನು ಬಂದಿ?" ಎಂದಳು ಭೀಮವ್ವ.

"ಪ್ರಯೋಗ ಮಾಡಾಕತ್ತೀನಿ."

"ನನ್ನ ಮ್ಯಾಲೇನು?"

"ನನ್ನ ಮ್ಯಾಲೆ. ಉಣ್ಣಾಕ ಏನು ಮಾಡೀದಿ?"

ಭೀಮವ್ವ ಅವಳನ್ನೇ ನೋಡಿದಳು. "ಈಗ ಹಸಿವಾತೇನು ನಿನಗ?" ಎಂದು ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಗುರುಶಾಂತಮ್ಮ ತಲೆ ತಗ್ಗಿಸಿ ಉಂಡಳು.

ಉಳಿದ ದಿನಗಳನ್ನು ಅವಳು ಅಲ್ಲೇ ಕಳೆದಳು. ಮಿಲ್ಲಿನ ನೆನಪೇ ಬರಲಿಲ್ಲ. ಗಂಡ ಹೋದ ಮೇಲೆ ಬೇರೆಲ್ಲೂ ಜಾಗವಿಲ್ಲದೆ ಮಿಲ್ಲಿಗೆ ಹೋಗಿ ಕೂತಿದ್ದೆ, ಅಷ್ಟೇ, ಎಂದು ಅವಳಿಗೆ ಹೊಳೆಯಿತು.

ಮಾನ್ವಿಗೆ ಮರಳಿದವಳೇ, ತನ್ನ ಹೆಸರಿನಲ್ಲಿದ್ದ ಮಿಲ್ಲನ್ನು ಭತ್ತದ ವ್ಯಾಪಾರಿ ಅಲ್ತಾಫನಿಗೆ ಗುತ್ತಿಗೆ ಕೊಟ್ಟಳು.

"ಯವ್ವಾ, ನಾ ಇದ್ದಿಲ್ಲೇನು?" ಎಂದ ಮೌನೇಶ.

"ಇದ್ದೆಪ್ಪ. ಕಾರಿನ್ಯಾಗ ಇದ್ದಿ."

ಮೌನೇಶ ರಾಯಚೂರಿಗೆ ಓಡಿದ. "ನಮ್ಮವ್ವಗ ಏನು ಕಲಿಸಿದ್ರಿ?" ಎಂದು ಜಗಳಕ್ಕೆ ನಿಂತ.

"ಮಿಲ್ಲು ಬಿಡಸ್ರಿ ಅಂದಿದ್ರಿ, ಬಿಟ್ರಲ್ರಿ," ಎಂದ ಅನಿಲಕುಮಾರ. ಆ ವಾರವೇ ಗುರುಶಾಂತಮ್ಮನ ಫೋಟೊ ಅವನ ಫ್ಲೆಕ್ಸ್ ಮೇಲೆ ಬಂತು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಅವಳೀಗ ದೇವದುರ್ಗದಲ್ಲಿ, ಭೀಮವ್ವನ ಓಣಿಯಲ್ಲೇ ಬಾಡಿಗೆಗಿದ್ದಾಳೆ. ಬುದ್ಧಿ ಹೇಳಲು ಕವಿತಾಳದಿಂದ ಬಂಧುಗಳು ಬಂದರು. ಅವರಿಗೆ ಭೀಮವ್ವ ಮಾಡಿದ ಸಾರನ್ನೇ ಬಡಿಸಿದಳು, ಯಾರು ಮಾಡಿದ್ದೆಂದೂ ಹೇಳಿದಳು. ಬಸ್ಸಿಗೆ ಹೊತ್ತಾಯಿತೆಂದು ಅವರು ತಾಟು ಬಿಟ್ಟು ಎದ್ದರು. ಬಸ್ಸು ಇನ್ನೂ ನಿಲ್ದಾಣಕ್ಕೇ ಬಂದಿರಲಿಲ್ಲ.