ಒಂದು ಸಲ ನೋಡಿ ಕೊಟ್ಟುಬಿಡು

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯ ಸೇರಿ ಎರಡು ಮೂರು ವರ್ಷವಾಗಿತ್ತು. ನನಗೆ ಇಪ್ಪತ್ನಾಲ್ಕು. ಮನೆ ಹೊನ್ನಾವರದಲ್ಲಿ, ಕೆಲಸ ಕುಮಟಾದ ಒಬ್ಬ ಡಾಕ್ಟರ ದವಾಖಾನೆಯಲ್ಲಿ. ಕಾಂಪೌಂಡರ್ ಎಂದರೆ ಚೀಟಿ ನೋಡಿ ಔಷಧಿ ಬೆರೆಸಬೇಕು, ರೋಗಿಗಳು ತಂದ ಬಾಟಲಿಗೆ ತುಂಬಬೇಕು, ಒಂದು ಹೊತ್ತಿಗೆ ಎಷ್ಟೆಂದು ತಿಳಿಯಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಬೇಕು.

ಒಂದು ಮಳೆಗಾಲದ ದಿನ ಪಕ್ಕದ ಬಾಡ ಊರಿನ ಮೀನುಗಾರರ ಮನೆಯ ಹೆಂಗಸೊಬ್ಬಳು ಪುಟ್ಟ ಮಗಳಿಗೆ ಕೆಮ್ಮಿನ ಔಷಧಿ ಒಯ್ದಳು. ಮಧ್ಯಾಹ್ನ ಬಾಗಿಲು ಹಾಕುವಾಗ ನೋಡಿದರೆ, ಮೈಗೆ ತಿಕ್ಕುವ ಔಷಧಿಯ ಜಾಡಿಗೆ ಬಿರಡೆ ಇರಲಿಲ್ಲ. ಕೆಮ್ಮಿನ ಔಷಧಿಯ ಜಾಡಿ ಇದ್ದದ್ದು ಅದರ ಪಕ್ಕದಲ್ಲೇ. ತಿಕ್ಕುವ ಔಷಧಿಯನ್ನೇ ತುಂಬಿಕೊಟ್ಟೆನೇ? ಕೊಡೆಯನ್ನೂ ಹಿಡಿಯದೆ ಬಾಡಕ್ಕೆ ನಡೆದೆ.

“ಎಂತ ಆತು ಅಣ್ಣಾ, ಇಷ್ಟು ಮಳೇಲಿ?” ಎಂದಳು ಆಕೆ.

“ಬಾಟ್ಲಿ ಒಮ್ಮೆ ಕೊಡು, ನೋಡ್ಬೇಕು.”

ಮೂಸಿದೆ, ನಾಲಿಗೆಗೆ ಹಚ್ಚಿಕೊಂಡೆ. ಕೆಮ್ಮಿನ ಔಷಧಿಯೇ. ಆಕೆ ನಕ್ಕು ಚಾ ಕೊಟ್ಟಳು. ಅರ್ಧ ದಾರಿ ಬಂದವನಿಗೆ ಮತ್ತೆ ಅನುಮಾನ: ಮಳೆಯಲ್ಲಿ ನೆನೆದು ಮೂಗು ಕಟ್ಟಿತ್ತಲ್ಲ, ಸರಿಯಾಗಿ ಮೂಸಿದೆನೇ? ತಿರುಗಿ ಹೋದೆ. ಈ ಸಲ ಆಕೆ ನಗಲಿಲ್ಲ.

“ನಿಜ ಹೇಳಿ ಅಣ್ಣಾ, ಎಂತ ಹಾಕಿ ಕೊಟ್ರಿ?”

“ಎಂತದೂ ಇಲ್ಲ, ಸರಿಯಾಗೇ ಉಂಟು” ಎಂದೆ. ಹೇಳಿದ ಮೇಲೂ ನಾನು ಮೂಸುತ್ತಲೇ ಇದ್ದುದನ್ನು ನೋಡಿದವಳು ಬಾಟಲಿ ಕಿತ್ತುಕೊಂಡು ನನ್ನೆದುರೇ ಅಂಗಳಕ್ಕೆ ಸುರಿದುಬಿಟ್ಟಳು. ಒಳಗೆ ಮಗು ಕೆಮ್ಮುತ್ತಲೇ ಇತ್ತು. ಮರುದಿನ ಡಾಕ್ಟರಿಗೆ ವಿಷಯ ಹೇಳಿ ಬೇರೆ ಔಷಧಿ ಒಯ್ದುಕೊಟ್ಟೆ. ವಾರದಲ್ಲಿ ಮಗುವಿಗೆ ಗುಣವಾಯಿತು. ನನಗೆ ಮಾತ್ರ ಆಗಲಿಲ್ಲ.

ಕೊಟ್ಟ ಪ್ರತಿಯೊಂದು ಬಾಟಲಿಯೂ ಬೆನ್ನು ಹತ್ತತೊಡಗಿತು. ಹೊನ್ನಾವರದ ಬಸ್ಸು ಹತ್ತಿದವನು ಇಳಿದು ಬಂದು ದವಾಖಾನೆಯ ಬೀಗ ತೆಗೆಯುತ್ತಿದ್ದೆ, ಜಾಡಿಗಳನ್ನು ಎಣಿಸುತ್ತಿದ್ದೆ. ನಾವು ಕ್ರೈಸ್ತರು ಕೊಂಕಣಿಯಲ್ಲಿ ಕುಮ್ಸಾರ್ ಎನ್ನುವ ಪಾಪನಿವೇದನೆಗೆ ಶನಿವಾರ ಶನಿವಾರ ಹೋಗಿ, ಅಜಾಗ್ರತೆ ಮಾಡಿದೆ ಎಂದು ಅದೇ ಕತೆ ಹೇಳುತ್ತಿದ್ದೆ. ಪಾದ್ರಿಗಳು ಕ್ಷಮೆ ನೀಡಿ ಕಳಿಸುತ್ತಿದ್ದರು. ಇಗರ್ಜಿಯ ಮೆಟ್ಟಿಲು ಇಳಿಯುವಷ್ಟರಲ್ಲಿ, ಒಂದು ಮಾತು ಬಿಟ್ಟೆನೇನೋ, ಆ ಕ್ಷಮೆ ನನಗೆ ತಾಗಲಿಲ್ಲವೇನೋ ಎಂಬ ತಳಮಳ. ಹೊನ್ನಾವರದಲ್ಲಿ ಹೇಳಿದ್ದನ್ನೇ ಕುಮಟಾದಲ್ಲಿ ಹೇಳಿದೆ. ಎರಡೂ ಕಡೆ ನಾಚಿಕೆಯಾಗತೊಡಗಿದಾಗ, ಗುರುತು ಇಲ್ಲದ ಕಡೆ ಎಂದು ಭಟ್ಕಳಕ್ಕೆ ಹೊರಟೆ. ಆಗ ಹೊನ್ನಾವರದ ಹೊಳೆಗೆ ಸೇತುವೆ ಇರಲಿಲ್ಲ. ಲಾಂಚಿನಲ್ಲಿ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿದು ಹೋದೆ.

ಅಲ್ಲಿದ್ದವರು ವಯಸ್ಸಾದ ಪಾದ್ರಿ. ಕೊಂಕಣಿಯಲ್ಲೇ ಮಾತಾಡಿದರು. ಎಲ್ಲ ಕೇಳಿ, “ಎಷ್ಟನೇ ಸಲ ಹೇಳುತ್ತಿದ್ದೀ?” ಎಂದರು.

“ಹನ್ನೊಂದನೆಯದು, ಫಾದರ್.”

“ನಿನಗೆ ಬೇಕಾದ್ದು ಏನು?”

“ಎಲ್ಲ ಸರಿಯಾಗಿದೆ ಅನ್ನುವ ಖಾತ್ರಿ.”

“ಖಾತ್ರಿ ನನ್ನ ಹತ್ತಿರ ಇಲ್ಲ. ದೇವರು ಕೊಡುವುದು ಕ್ಷಮೆ. ಅದನ್ನು ಮೊದಲ ಸಲವೇ ಕೊಟ್ಟಾಗಿದೆ. ಇನ್ನು ಈ ಮಾತು ಯಾವ ಪಾದ್ರಿಯ ಮುಂದೆಯೂ ಎತ್ತಕೂಡದು. ಚೀಟಿ ನೋಡು, ಜಾಡಿ ನೋಡು. ಒಂದು ಸಲ ನೋಡಿ ಕೊಟ್ಟುಬಿಡು. ಕೈ ದಾಟಿದ್ದು ದೇವರದು.”

ಹಿಂದಕ್ಕೆ ಬರುವಾಗ ನನಗೆ ಸಿಟ್ಟು. ಮುದುಕರಿಗೆ ಪಿಂಚಣಿಯ ವಯಸ್ಸು, ಬೇಗ ಸಾಗಹಾಕಿದರು ಎಂದುಕೊಂಡೆ. ಲಾಂಚು ನಡುಹೊಳೆಯಲ್ಲಿದ್ದಾಗ, ಬಿರಡೆಯ ವಿಷಯ ಹೇಳಿದೆನೋ ಇಲ್ಲವೋ ಎಂಬ ಅನುಮಾನ ಎದ್ದಿತು. ದಡ ಮುಟ್ಟಿದವನು ಅದೇ ಲಾಂಚಿನಲ್ಲಿ ತಿರುಗಿ ಹೋಗಲೆಂದು ಹತ್ತು ನಿಮಿಷ ನಿಂತೆ. ಕೊನೆಗೆ ಹೋಗಲಿಲ್ಲ, ಅಷ್ಟೇ.

ಮರುದಿನ ಸಂತೆಗುಳಿಯಿಂದ ಬಂದ ಮುದುಕರೊಬ್ಬರಿಗೆ ಹೊಟ್ಟೆನೋವಿನ ಔಷಧಿ ತುಂಬಿದೆ. ಒಂದು ಸಲ ನೋಡಿದೆ. ಕೊಟ್ಟೆ. ಅವರು ಮೆಟ್ಟಿಲು ಇಳಿಯುತ್ತಿದ್ದಂತೆ ನನ್ನ ಕಾಲು ತಾನಾಗಿ ಬಾಗಿಲ ಕಡೆ ಹೊರಟಿತು. ಮೇಜಿನ ಅಂಚು ಬಿಗಿಯಾಗಿ ಹಿಡಿದು ನಿಂತೆ. “ಸ್ವಾಮೀ, ನನ್ನಿಂದ ಆಗುವುದಿಲ್ಲ. ಇನ್ನು ನೀನೇ ನೋಡಿಕೋ” ಎಂದು ಬಾಯಿಬಿಟ್ಟೇ ಹೇಳಿದೆ. ಅದು ಭಕ್ತಿಯಿಂದ ಬಂದ ಮಾತಲ್ಲ. ಸೋತು ಬಂದದ್ದು. ಒಳಗಿನಿಂದ ಡಾಕ್ಟರು, “ಯಾರ ಸಂಗ್ತಿ ಮಾತಾಡ್ತಿದ್ಯೋ ಮಾರಾಯಾ?” ಎಂದು ಕೇಳಿದರು. ಮುದುಕರು ರಸ್ತೆಯ ತಿರುವಿನಲ್ಲಿ ಮರೆಯಾದರು. ನಾನು ಹೋಗಲಿಲ್ಲ.

ದಿನಕ್ಕೆ ನಲವತ್ತು ಬಾಟಲಿ, ನಲವತ್ತು ಸಲ ಅದೇ ಮಾತು. ಶಾಂತಿಯೇನೂ ಬರಲಿಲ್ಲ. ಆದರೆ ಒಂದು ಸಂಜೆ ಬಸ್ಸು ಧಾರೇಶ್ವರ ದಾಟುವಾಗ, ಅಂದಿನ ಒಂದು ಬಾಟಲಿಯೂ ನೆನಪಿಗೆ ಬಂದಿಲ್ಲ ಎಂದು ಹೊಳೆಯಿತು. ಕೂಡಲೇ, ಯಾಕೆ ಬರಲಿಲ್ಲ ಎಂದು ಹೊಸ ಭಯ! ನನಗೇ ನಗು ಬಂತು. ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು.

ಅದೇ ವರ್ಷ ತಂಗಿಗೆ ಮಗುವಾಯಿತು. ಬೀಳಿಸಿಬಿಟ್ಟೇನೆಂದು ನಾನು ಮಗುವನ್ನು ಮುಟ್ಟಿರಲಿಲ್ಲ. ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ಮಗುವನ್ನು ಹಿಡಿದು ನಿಲ್ಲುವ ಧರ್ಮಪಿತ ನೀನೇ ಆಗಬೇಕೆಂದು ತಂಗಿ ಹಟ ಹಿಡಿದಳು. ಬೇಡವೆನ್ನಲು ಬಾಯಿ ತೆರೆದವನು ಆಗಲಿ ಎಂದುಬಿಟ್ಟೆ. ತಣ್ಣೀರು ತಲೆಗೆ ಬಿದ್ದಾಗ ನನ್ನ ತೋಳಿನಲ್ಲಿದ್ದ ಮಗು ಕಿರುಚಿ ಒದೆಯಿತು. ನನ್ನ ಅಂಗಿ ಒದ್ದೆಯಾಯಿತು. ಯಾರೂ ಬೀಳಲಿಲ್ಲ.